ಸುಳ್ಳೆಂದು ಗೊತ್ತು, ಆದರೂ ಬಿಡಲಾಗುತ್ತಿಲ್ಲ

ಪ್ರಶ್ನೆ: ನನಗೆ 37 ವರ್ಷ, ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ಶಕುನ, ಅದೃಷ್ಟ ಇವನ್ನೆಲ್ಲ ನಂಬುವವಳಲ್ಲ. ಆದರೂ ಟಿವಿಯ ವಾಲ್ಯೂಮ್ ಸಮಸಂಖ್ಯೆಯಲ್ಲೇ ಇರಬೇಕು. 23 ಇದ್ದರೆ ಕೂತಲ್ಲಿ ಕೂರಲಾಗುವುದಿಲ್ಲ. ನಡೆಯುವಾಗ ನೆಲದ ಗೆರೆಗಳನ್ನು ಮೆಟ್ಟುವುದಿಲ್ಲ. ಕುರ್ಚಿಗೆ ಕಾಲು ತಾಗಿದರೆ ಅದಕ್ಕೇ 'ಸಾರಿ' ಹೇಳುತ್ತೇನೆ. ಮುಖ್ಯವಾದ ಮೀಟಿಂಗ್ ಇದ್ದ ದಿನ ಒಂದು ಹಳೆಯ ಪೆನ್ನು ಜೊತೆಗಿರಲೇಬೇಕು, ಅದು ನೆಟ್ಟಗೆ ಬರೆಯುವುದೂ ಇಲ್ಲ. 'ಈ ವರ್ಷ ಮನೆಯಲ್ಲಿ ಯಾರಿಗೂ ಜ್ವರವೇ ಬಂದಿಲ್ಲ ನೋಡು' ಎಂದು ಯಾರಾದರೂ ಅಂದರೆ ಎದೆ ಧಸಕ್ಕೆನ್ನುತ್ತದೆ. ಇನ್ನು ಬೀಗ: ಹಾಕಿದ ಮೇಲೆ ನಾಲ್ಕೈದು ಸಲ ಎಳೆದು ನೋಡುತ್ತೇನೆ, ಅರ್ಧ ದಾರಿಯಿಂದ ವಾಪಸ್ ಬಂದದ್ದೂ ಉಂಟು. ಇದಕ್ಕೆಲ್ಲ ಅರ್ಥವಿಲ್ಲ ಎಂದು ನನಗೇ ಗೊತ್ತು. ಗೊತ್ತಿದ್ದೂ ಯಾಕೆ ಬಿಡಲಾಗುತ್ತಿಲ್ಲ? ಇದು ಕಾಯಿಲೆಯೇ? ಈಚೆಗೆ ನಾಲ್ಕು ವರ್ಷದ ಮಗಳೂ ಗೆರೆ ತಪ್ಪಿಸಿ ನಡೆಯುತ್ತಿದ್ದಾಳೆ. ನನ್ನಿಂದಲೇ ಅಂಟಿತೇ?

ಉತ್ತರ: ಕಾಯಿಲೆಯೇ ಎಂಬುದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಆ ಪ್ರಶ್ನೆ ಒಳಗೆ ಕೊರೆಯುತ್ತಿದ್ದರೆ ಮಿಕ್ಕಿದ್ದು ತಲೆಗೆ ಹೋಗುವುದಿಲ್ಲ. ಪತ್ರ ಓದಿ ರೋಗ ನಿರ್ಣಯ ಮಾಡುವುದು ಸರಿಯಲ್ಲ, ಆದರೆ ನೀವು ಬರೆದಿರುವಷ್ಟನ್ನು ನೋಡಿದರೆ ಟಿವಿ, ಗೆರೆ, ಕುರ್ಚಿ, ಪೆನ್ನು, ಜ್ವರದ ಮಾತು, ಈ ಐದರಲ್ಲಿ ಯಾವುದೂ ಕಾಯಿಲೆಯ ಲಕ್ಷಣದಂತೆ ಕಾಣುವುದಿಲ್ಲ. ಬೀಗವೂ ಸದ್ಯಕ್ಕೆ ಆ ಮಟ್ಟ ಮುಟ್ಟಿದಂತಿಲ್ಲ. ಆದರೆ ಅದನ್ನು ಉಳಿದ ಐದರ ಜೊತೆ ಒಂದೇ ಗಂಟು ಕಟ್ಟಬೇಡಿ. ಆ ಐದನ್ನು ಬಿಟ್ಟರೂ ಇಟ್ಟುಕೊಂಡರೂ ನಿಮಗೆ ನಷ್ಟವಿಲ್ಲ. ಬೀಗ ಹಾಗಲ್ಲ, ಅದು ಮಾಡಿದಷ್ಟೂ ಬೆಳೆಯುವ ಜಾತಿಯದು. ಅದಕ್ಕೆ ಆಮೇಲೆ ಬರುತ್ತೇನೆ.

'ಗೊತ್ತಿದ್ದೂ ಯಾಕೆ?' ಎಂದು ನೀವು ಕೇಳುವಾಗ ಅದರೊಳಗೊಂದು ಊಹೆ ಅಡಗಿದೆ. ಸುಳ್ಳೆಂದು ಗೊತ್ತಾದ ಕ್ಷಣವೇ ನಂಬಿಕೆ ಉದುರಿಹೋಗಬೇಕು, ಉದುರದಿದ್ದರೆ ತಿಳಿವಳಿಕೆಯಲ್ಲೇ ಏನೋ ಕೊರತೆ ಇದೆ ಎನ್ನುವ ಊಹೆ. ಮನಶ್ಶಾಸ್ತ್ರದಲ್ಲೂ ಹೆಚ್ಚುಕಡಿಮೆ ಹೀಗೆಯೇ ವಿವರಿಸುತ್ತಿದ್ದರು: ಮನಸ್ಸು ಅವಸರದಲ್ಲಿ ಒಂದು ತೀರ್ಮಾನಕ್ಕೆ ಹಾರುತ್ತದೆ, ಆಮೇಲೆ ನಿಧಾನದ ವಿಚಾರ ಬಂದು ಅದರ ತಪ್ಪು ಹಿಡಿದು ತಿದ್ದುತ್ತದೆ, ತಿದ್ದದೇ ಉಳಿದರೆ ತಪ್ಪು ಕಣ್ಣಿಗೆ ಬಿದ್ದಿಲ್ಲ ಎಂದರ್ಥ. ಷಿಕಾಗೋ ವಿಶ್ವವಿದ್ಯಾಲಯದ ಜೇನ್ ರೈಸನ್ 2016ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಈ ಎರಡು ಕೆಲಸಗಳನ್ನು ಬಿಡಿಸಿಟ್ಟರು. ತಪ್ಪು ಹಿಡಿಯುವುದು ಒಂದು ಕೆಲಸ, ತಿದ್ದುವುದು ಇನ್ನೊಂದು. ಮೊದಲನೆಯದು ಪೂರ್ತಿ ಮುಗಿದ ಮೇಲೂ ಎರಡನೆಯದು ನಡೆಯದೇ ಇರಬಹುದು. 'ಇದು ಅರ್ಥವಿಲ್ಲದ್ದು, ಇರಲಿ ಬಿಡು' ಎಂದು ಮನಸ್ಸು ತನಗೆ ತಾನೇ ಸೋತುಕೊಡುತ್ತದೆ. ನಿಮ್ಮ ಪತ್ರದುದ್ದಕ್ಕೂ ಇರುವುದು ಇದೇ. ತಪ್ಪು ಹಿಡಿಯುವುದರಲ್ಲಿ ನಿಮಗೇನೂ ಕೊರತೆಯಿಲ್ಲ, ಲೆಕ್ಕಪತ್ರದವರಲ್ಲವೇ!

ಇದನ್ನು ಬಲು ಚೆನ್ನಾಗಿ ತೋರಿಸಿದ ಪ್ರಯೋಗ 1986ರದು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಾಲ್ ರೋಜಿನ್ ಮತ್ತು ಸಂಗಡಿಗರು ಎರಡು ಖಾಲಿ ಬಾಟಲಿಗಳಿಗೆ, ಬಂದವರ ಕಣ್ಣೆದುರಿಗೇ, ಒಂದೇ ಪೊಟ್ಟಣದಿಂದ ಸಕ್ಕರೆ ಸುರಿದರು. ಆಮೇಲೆ ಅವರ ಕೈಗೆ ಎರಡು ಚೀಟಿ ಕೊಟ್ಟರು. ಒಂದರ ಮೇಲೆ ಸಕ್ಕರೆ ಎಂದು, ಇನ್ನೊಂದರ ಮೇಲೆ ಸೋಡಿಯಂ ಸೈನೈಡ್ ಎಂದು ಬರೆದಿತ್ತು. ಯಾವ ಚೀಟಿ ಯಾವ ಬಾಟಲಿಗೆ ಎಂಬುದು ಬಂದವರ ಇಷ್ಟ, ಅವರೇ ಅಂಟಿಸಿದರು. ಬಳಿಕ ಎರಡರಿಂದಲೂ ನೀರಿಗೆ ಸಕ್ಕರೆ ಹಾಕಿ ಕುಡಿಯುತ್ತೀರಾ ಎಂದು ಕೇಳಿದರೆ, ಸೈನೈಡ್ ಚೀಟಿಯ ಬಾಟಲಿಯದನ್ನು ಕುಡಿಯಲು ಜನ ಹಿಂಜರಿದರು. ಒಳಗಿರುವುದು ಸಕ್ಕರೆ ಎಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ, ವಿಷದ ಹೆಸರು ಅಂಟಿಸಿದ್ದೂ ತಾವೇ. ಆದರೂ ಕೈ ಮುಂದೆ ಹೋಗಲಿಲ್ಲ.

ಇನ್ನೂ ಸರಳವಾದದ್ದೊಂದಿದೆ. 1994ರಲ್ಲಿ ವೆರೋನಿಕಾ ಡೆನೆಸ್-ರಾಜ್ ಮತ್ತು ಸೀಮೋರ್ ಎಪ್‌ಸ್ಟೈನ್ ಎರಡು ಬಟ್ಟಲುಗಳಲ್ಲಿ ಬಣ್ಣದ ಜೆಲ್ಲಿ ಮಿಠಾಯಿ ಇಟ್ಟರು. ಕಣ್ಣು ಬಿಟ್ಟು ನೋಡದೆ ಒಂದನ್ನು ಎತ್ತಬೇಕು, ಕೆಂಪು ಬಂದರೆ ಗೆದ್ದಂತೆ. ಸಣ್ಣ ಬಟ್ಟಲಿನಲ್ಲಿ 10ಕ್ಕೆ 1 ಕೆಂಪು, ದೊಡ್ಡದರಲ್ಲಿ 100ಕ್ಕೆ 9 ಅಥವಾ ಅದಕ್ಕೂ ಕಡಿಮೆ. ಶೇಕಡಾವಾರು ಎಷ್ಟೆಂದು ಬಟ್ಟಲಿನ ಪಕ್ಕದಲ್ಲೇ ಬರೆದಿಟ್ಟಿದ್ದರು. ಆದರೂ ಬಹಳ ಮಂದಿ ದೊಡ್ಡ ಬಟ್ಟಲಿಗೇ ಕೈ ಹಾಕಿದರು. ಗೆಲ್ಲುವ ಸಾಧ್ಯತೆ ಇದರಲ್ಲಿ ಕಡಿಮೆ ಎಂಬುದು ಗೊತ್ತು, ಆದರೆ ಅಷ್ಟೊಂದು ಕೆಂಪು ಕಾಣುತ್ತಿದೆಯಲ್ಲ ಎಂಬುದು ಅವರ ಸಮಜಾಯಿಷಿ. ಇವರಲ್ಲಿ ಯಾರಿಗೂ ಶಕುನದ ಗೊಡವೆ ಇರಲಿಲ್ಲ, ಇದ್ದದ್ದು ಬರೀ ಭಾಗಾಕಾರ.

ಹಾಗಾದರೆ ತಿದ್ದಿಕೊಳ್ಳುವುದಿಲ್ಲ ಯಾಕೆ? ನಿಮ್ಮ ಪೆನ್ನನ್ನೇ ತೆಗೆದುಕೊಳ್ಳಿ. ಅದನ್ನು ಚೀಲದಲ್ಲಿ ಹಾಕಿಕೊಂಡು ಹೋಗಲು ಖರ್ಚೇನೂ ಇಲ್ಲ. ಮನೆಯಲ್ಲೇ ಬಿಟ್ಟುಹೋದ ದಿನ ಮೀಟಿಂಗ್ ಕೆಟ್ಟಿತು ಅನ್ನಿ, 'ಅಯ್ಯೋ, ಪೆನ್ನು ತರಬಹುದಿತ್ತು' ಎಂಬ ಕೊರಗು ಒಂದು ವಾರ ಕಾಡುತ್ತದೆ. ಪೆನ್ನಿಗೂ ಮೀಟಿಂಗಿಗೂ ಸಂಬಂಧವಿಲ್ಲ ಎಂದು ಗೊತ್ತಿದ್ದರೂ ಕಾಡುತ್ತದೆ. ಪೆನ್ನು ಜೊತೆಗಿದ್ದೂ ಮೀಟಿಂಗ್ ಕೆಟ್ಟರೆ ಆ ಕೊರಗಿಲ್ಲ. ಲಾಟರಿ ಟಿಕೆಟ್ ಅದಲುಬದಲು ಮಾಡಿಕೊಳ್ಳಲು ಜನ ಒಪ್ಪದಿರುವುದೂ ಇದೇ ಲೆಕ್ಕದ ಮೇಲೆ. ಎಲ್ಲ ಟಿಕೆಟ್‌ಗೂ ಗೆಲ್ಲುವ ಅವಕಾಶ ಒಂದೇ ಎಂದು ಒಪ್ಪುವವರೂ ತಾವು ಕೊಟ್ಟುಬಿಟ್ಟ ಟಿಕೆಟ್‌ಗೇ ಬಹುಮಾನ ಬಂದೀತು ಎಂದು ಹೆದರುತ್ತಾರೆ. ರೈಸನ್ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೋವಿಚ್ 2007ರಲ್ಲಿ ಇದನ್ನೂ ತೋರಿಸಿದ್ದಾರೆ. ಹೀಗೆ ನೋಡಿದರೆ ಪೆನ್ನು ಒಯ್ಯುವುದು ಅಷ್ಟೇನೂ ದಡ್ಡ ವ್ಯವಹಾರವಲ್ಲ. ಒಂದು ಮಾತು ಮಾತ್ರ: ನೆಟ್ಟಗೆ ಬರೆಯುವ ಇನ್ನೊಂದು ಪೆನ್ನನ್ನೂ ಇಟ್ಟುಕೊಳ್ಳಿ.

ಇಂಥ ಪೆನ್ನು ಹುಟ್ಟುವುದು ಹೇಗೆ ಎಂಬುದಕ್ಕೆ ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸರಿಹೋಯಿತು ಎಂಬ ಗಾದೆಯೇ ಸಾಕು. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಅದನ್ನು 1948ರಲ್ಲಿ ಪಾರಿವಾಳಗಳ ಮೇಲೆ ಪರೀಕ್ಷಿಸಿದರು. ಹಸಿದ ಪಾರಿವಾಳಗಳಿಗೆ, ಅವು ಏನೇ ಮಾಡುತ್ತಿರಲಿ, 15 ಸೆಕೆಂಡಿಗೊಮ್ಮೆ ಕಾಳು ಬರುವಂತೆ ಯಂತ್ರ ಇಟ್ಟರು. 8ರಲ್ಲಿ 6 ಹಕ್ಕಿಗಳು ಒಂದೊಂದು ವಿಚಿತ್ರ ವರಸೆ ಕಲಿತವು. ಒಂದು ಗೂಡಿನೊಳಗೇ ಸುತ್ತು ಹಾಕತೊಡಗಿತು, ಇನ್ನೊಂದು ಗೂಡಿನ ಮೇಲಿನ ಮೂಲೆಗೆ ತಲೆ ತೂರಿಸುತ್ತಿತ್ತು, ಎರಡು ಲೋಲಕದ ಹಾಗೆ ತೂಗಾಡುತ್ತಿದ್ದವು. ಕಾಳು ಬಂದ ಹೊತ್ತಿಗೆ ಏನು ಮಾಡುತ್ತಿದ್ದವೋ ಅದರಿಂದಲೇ ಕಾಳು ಬಂತೆಂಬಂತೆ! ಇದರಲ್ಲಿ ಒಂದಷ್ಟು ಹಸಿದ ಹಕ್ಕಿಯ ಸಹಜ ಚಡಪಡಿಕೆಯೇ ಎಂದು 1971ರಲ್ಲಿ ಬೇರೆ ಸಂಶೋಧಕರು ತಕರಾರು ತೆಗೆದರು; ಆ ತಕರಾರಿನಲ್ಲಿ ಹುರುಳಿದೆ. ಆದರೆ ಜಪಾನಿನ ಕೋಯಿಚಿ ಓನೊ 1987ರಲ್ಲಿ ವಿದ್ಯಾರ್ಥಿಗಳನ್ನೇ ಕೂರಿಸಿ ನೋಡಿದರು. ಮೇಜಿನ ಮೇಲೆ ಮೂರು ಸನ್ನೆಗೋಲು, ಎದುರಿಗೆ ಅಂಕ ತೋರಿಸುವ ಯಂತ್ರ. ಅಂಕಕ್ಕೂ ಸನ್ನೆಗೋಲಿಗೂ ಏನೇನೂ ಸಂಬಂಧವಿಲ್ಲ, ಅದು ತನ್ನಷ್ಟಕ್ಕೆ ಏರುತ್ತದೆ. ಕೆಲವರು ಎಳೆಯುವುದಕ್ಕೇ ಒಂದು ಕ್ರಮ ಕಟ್ಟಿಕೊಂಡರು. ಒಬ್ಬಾಕೆ ಯಾವುದನ್ನೋ ಮುಟ್ಟಿದಾಗ ಅಂಕ ಬಂದದ್ದನ್ನು ಕಂಡು ಕೋಣೆಯಲ್ಲಿದ್ದದ್ದನ್ನೆಲ್ಲ ಮುಟ್ಟುತ್ತಾ ಹೋಗಿ, ಕೊನೆಗೆ ಚಪ್ಪಲಿ ಕೈಯಲ್ಲಿ ಹಿಡಿದು ಸೂರು ಮುಟ್ಟಲು ಹಾರತೊಡಗಿದರು. ಸುಸ್ತಾಗಿ ನಿಲ್ಲಿಸಿದರೆಂದು ಕಾಣುತ್ತದೆ.

ಪೆನ್ನು ನಿಮಗೆ ಮೀಟಿಂಗ್ ದಿನವೇ ಬೇಕು, ದಿನನಿತ್ಯದ ಲೆಕ್ಕಕ್ಕೆ ಬೇಡ ಎಂಬುದನ್ನು ಗಮನಿಸಿದ್ದೀರಾ? ಪೆಸಿಫಿಕ್ ಸಾಗರದ ಟ್ರೋಬ್ರಿಯಂಡ್ ದ್ವೀಪಗಳಲ್ಲಿದ್ದು ಅಧ್ಯಯನ ಮಾಡಿದ ಬ್ರೋನಿಸ್ಲಾವ್ ಮಲಿನೋವ್‌ಸ್ಕಿ ಇದನ್ನು ಹಿಂದೆಯೇ ಕಂಡಿದ್ದರು. ಒಳಗಿನ ಶಾಂತ ಹಿನ್ನೀರಿನಲ್ಲಿ ಮೀನು ಹಿಡಿಯಲು ಅಲ್ಲಿನವರಿಗೆ ಮಂತ್ರವಿಲ್ಲ, ಅಪಾಯದ ತೆರೆದ ಕಡಲಿಗೆ ಇಳಿಯುವಾಗ ಇದೆ. ಬೇಸ್‌ಬಾಲ್ ಆಡಿ ಬಂದ ಮಾನವಶಾಸ್ತ್ರಜ್ಞ ಜಾರ್ಜ್ ಗ್ಮೆಲ್ಚ್ ಅದೇ ಮಾತನ್ನು ಆಟದಲ್ಲಿ ಕಂಡರು: ಚೆಂಡು ಹೊಡೆಯುವವರಲ್ಲಿ, ಎಸೆಯುವವರಲ್ಲಿ ನೂರೆಂಟು ನೇಮ, ಕ್ಷೇತ್ರರಕ್ಷಣೆಯಲ್ಲಿ ಹೆಚ್ಚುಕಡಿಮೆ ಯಾವುದೂ ಇಲ್ಲ, ಏಕೆಂದರೆ ಅಲ್ಲಿ ತಪ್ಪುವುದೇ ಅಪರೂಪ. ಫಲ ಕೈಯಲ್ಲಿಲ್ಲದ ಕಡೆ ಚಾಳಿ ಬೆಳೆಯುತ್ತದೆ. ಊರೇ ಕೂಡಿ ಇದಕ್ಕೆ ನೀರೆರೆಯುವುದೂ ಉಂಟು. ನ್ಯೂಯಾರ್ಕಿನಲ್ಲಿ ರಸ್ತೆ ದಾಟುವವರು ಒತ್ತುವ ಗುಂಡಿಗಳಲ್ಲಿ ಬಹುಪಾಲು ಕೆಲಸವನ್ನೇ ಮಾಡುತ್ತಿಲ್ಲ, ಸಿಗ್ನಲ್ ನಡೆಯುವುದು ಕಂಪ್ಯೂಟರಿನ ಲೆಕ್ಕದಲ್ಲಿ ಎಂಬುದು 2004ರಲ್ಲಿ ಪತ್ರಿಕೆಯಲ್ಲಿ ಬಂತು. ಜನ ಒತ್ತುತ್ತಲೇ ಇದ್ದಾರೆ. ನಾನೂ ಯಾವ ಊರಿಗೆ ಹೋದರೂ ಒತ್ತುತ್ತೇನೆ, ಅದೂ ಎರಡು ಸಲ.

ಅದೃಷ್ಟದ ವಸ್ತು ಇದ್ದರೆ ಆಟ ನಿಜವಾಗಿಯೂ ಸುಧಾರಿಸುತ್ತದೆ ಎಂದು ನೀವು ಎಲ್ಲಾದರೂ ಓದಿರಬಹುದು. ಜರ್ಮನಿಯ ಸಂಶೋಧಕರು 2010ರಲ್ಲಿ, 'ಇದು ಅದೃಷ್ಟದ ಚೆಂಡು' ಎಂದು ಹೇಳಿ ಕೊಟ್ಟರೆ ಗಾಲ್ಫ್‌ನಲ್ಲಿ ಹೆಚ್ಚು ಗುರಿ ಮುಟ್ಟುತ್ತಾರೆ ಎಂದು ಬರೆದದ್ದು ಜಗತ್ತೆಲ್ಲ ಸುತ್ತಿತು. 2014ರಲ್ಲಿ ಹೆಚ್ಚು ಜನರನ್ನಿಟ್ಟು ಅದನ್ನೇ ಮತ್ತೆ ಮಾಡಿದಾಗ ಅಂಥ ಪರಿಣಾಮ ಕಾಣಲಿಲ್ಲ. ಮೊದಲನೆಯದು ಸುತ್ತಿದಷ್ಟು ಎರಡನೆಯದು ಸುತ್ತಲಿಲ್ಲ. ಆದ್ದರಿಂದ ಪೆನ್ನಿನಿಂದ ಕೆಲಸ ಸುಧಾರಿಸುತ್ತದೆ ಎಂದು ನಾನು ಹೇಳಲಾರೆ. ಅದರಿಂದ ಕೆಡುಕೂ ಇಲ್ಲ, ಅಷ್ಟೇ.

ಜ್ವರದ ಮಾತಿಗೆ ಎದೆ ಧಸಕ್ಕೆನ್ನುವುದು ಇದರ ಹತ್ತಿರದ ನೆಂಟ. 2008ರಲ್ಲಿ ರೈಸನ್ ಮತ್ತು ಗಿಲೋವಿಚ್ ಜನರಿಗೊಂದು ಸಣ್ಣ ಕಥೆ ಓದಲು ಕೊಟ್ಟರು: ಹುಡುಗನೊಬ್ಬ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದ್ದಾನೆ, ಫಲಿತಾಂಶ ಬರುವ ಮುಂಚೆಯೇ ಅವನ ತಾಯಿ ಸ್ಟ್ಯಾನ್‌ಫರ್ಡ್ ಎಂದು ಬರೆದ ಟೀ ಶರ್ಟ್ ಕಳಿಸಿದ್ದಾರೆ. ಅವನು ಅದನ್ನು ಹಾಕಿಕೊಂಡ ಎಂದು ಓದಿದವರು ಅವನಿಗೆ ಸೀಟು ಸಿಗುವುದು ಕಷ್ಟ ಎಂದರು. ಹಾಕಿಕೊಳ್ಳದೆ ಮಡಚಿಟ್ಟ ಎಂದು ಓದಿದವರಿಗೆ ಅಷ್ಟು ಕಷ್ಟ ಅನ್ನಿಸಲಿಲ್ಲ. 'ಯಾರಿಗೂ ಜ್ವರವಿಲ್ಲ' ಎಂದ ಕೂಡಲೇ ಮನಸ್ಸಿನೊಳಗೆ ಮೊದಲು ಮೂಡುವುದು ಜ್ವರ ಬಂದು ಮಲಗಿದ ಚಿತ್ರವೇ. ಸುಲಭವಾಗಿ ಮೂಡಿದ್ದು ನಡೆಯುವ ಸಂಭವವೂ ಹೆಚ್ಚು ಎಂದು ಮನಸ್ಸು ಲೆಕ್ಕ ಹಾಕುತ್ತದೆ. ಅಂಥ ಮಾತಾಡಿದ ಮೇಲೆ ತಮ್ಮಿಂದ ಆಚೆಗೆ ತಳ್ಳುವಂಥ ಏನನ್ನಾದರೂ ಮಾಡಿದರೆ, ಉದಾಹರಣೆಗೆ ಒಂದು ಚೆಂಡನ್ನು ಸುಮ್ಮನೆ ದೂರ ಎಸೆದರೂ, ಆ ಅಳುಕು ಇಳಿಯುತ್ತದೆ ಎಂದು ರೈಸನ್ ತಂಡದ 2014ರ ಪ್ರಯೋಗ ಹೇಳುತ್ತದೆ. ಕೆಟ್ಟದ್ದನ್ನು ತಟ್ಟಿ, ಉಗಿದು, ಎಸೆದು ಕಳೆಯುವ ಪದ್ಧತಿಗಳು ಜಗತ್ತಿನ ಎಲ್ಲ ಮೂಲೆಗಳಲ್ಲೂ ಯಾಕಿವೆ ಎಂಬುದಕ್ಕೆ ಇದೊಂದು ಸುಳಿವು.

ಕುರ್ಚಿಗೆ ಸಾರಿ ಹೇಳುವುದು ನಿಮ್ಮೊಬ್ಬರದೇ ಅಲ್ಲ. ಒಂದು ಕಂಪ್ಯೂಟರಿನಲ್ಲಿ ಕಲಿತವರು ಅದರ ಬಗ್ಗೆ ಅಭಿಪ್ರಾಯವನ್ನು ಅದೇ ಕಂಪ್ಯೂಟರಿನಲ್ಲಿ ಬರೆಯುವಾಗ, ಬೇರೆ ಯಂತ್ರದಲ್ಲೋ ಕಾಗದದ ಮೇಲೋ ಬರೆಯುವುದಕ್ಕಿಂತ ಮೃದುವಾಗಿ ಬರೆದರು ಎಂದು ಕ್ಲಿಫರ್ಡ್ ನಾಸ್ ಮತ್ತು ಸಂಗಡಿಗರು 1999ರಲ್ಲಿ ವರದಿ ಮಾಡಿದ್ದಾರೆ. ಯಂತ್ರಕ್ಕೆ ನೋವಾದೀತೆಂಬ ಸಂಕೋಚ! ಮನುಷ್ಯರ ಜೊತೆ ಬದುಕಲು ರೂಢಿಯಾದ ವಿನಯ ಕುರ್ಚಿಯ ಹತ್ತಿರ ಬಂದಾಗಲೂ ನಿಲ್ಲುವುದಿಲ್ಲ, ಅಷ್ಟೇ. ಇದನ್ನು ಬಿಡಬೇಡಿ ಎಂದೇ ನನ್ನ ಸಲಹೆ.

ಟಿವಿಯ ಸಮಸಂಖ್ಯೆ ಮತ್ತು ನೆಲದ ಗೆರೆಗಳ ಕಥೆ ಬೇರೆ. ಅಲ್ಲಿ ಕೆಡುಕಾದೀತೆಂಬ ಭಯವಿಲ್ಲ, 'ಈಗ ಸರಿಯಾಯಿತು' ಎಂಬ ಅನಿಸಿಕೆ ಬರುವ ತನಕ ಒಂದು ಕಿರಿಕಿರಿ ಇದೆ. ಈ ಕಿರಿಕಿರಿ ಒತ್ತಡ ಹೆಚ್ಚಿದ ದಿನಗಳಲ್ಲಿ ಏರುತ್ತದೆ. 2015ರಲ್ಲಿ ಮಾರ್ಟಿನ್ ಲ್ಯಾಂಗ್ ಮತ್ತಿತರರು ವಿದ್ಯಾರ್ಥಿಗಳಿಗೆ ಒಂದು ಅಲಂಕಾರದ ವಸ್ತು ಕೊಟ್ಟು, ಅದರ ಬಗ್ಗೆ ತಜ್ಞರೆದುರು ಭಾಷಣ ಮಾಡಬೇಕು, ಅದಕ್ಕೂ ಮೊದಲು ಅದನ್ನು ಒರೆಸಿಡಬೇಕು ಎಂದರು. ಆತಂಕ ಹೆಚ್ಚಿದ್ದವರ ಕೈ ಒಂದೇ ಚಲನೆಯನ್ನು ಮತ್ತೆ ಮತ್ತೆ, ಒಂದೇ ಲಯದಲ್ಲಿ ಮಾಡಿತು. ಮುಂದೇನಾಗುವುದೋ ಗೊತ್ತಿಲ್ಲದಾಗ ಪೂರ್ತಿ ನಮ್ಮ ಹತೋಟಿಯಲ್ಲಿರುವ, ಹೇಗೆ ಮುಗಿಯುವುದೆಂದು ಗೊತ್ತಿರುವ ಒಂದು ಚಿಕ್ಕ ಕೆಲಸಕ್ಕೆ ದೇಹ ಅಂಟಿಕೊಳ್ಳುತ್ತದೆ. ಟಿವಿಯ 23ನ್ನು 24 ಮಾಡುವುದು ಅಂಥದ್ದು. ಇಂಗ್ಲಿಷ್ ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ ಬಾಗಿಲು ದಾಟುವಾಗ ಇಂಥದೇ ಕಾಲು ಹೊಸ್ತಿಲಾಚೆ ಬೀಳುವಂತೆ ಹೆಜ್ಜೆ ಎಣಿಸುತ್ತಿದ್ದರು, ತಪ್ಪಿದರೆ ಹಿಂದೆ ಹೋಗಿ ಮತ್ತೆ ಬರುತ್ತಿದ್ದರು ಎಂದು ಅವರ ಜೀವನಚರಿತ್ರೆ ಬರೆದ ಜೇಮ್ಸ್ ಬಾಸ್ವೆಲ್ ದಾಖಲಿಸಿದ್ದಾರೆ. ಅವರದು ನಿಮ್ಮದಕ್ಕಿಂತ ಬಹಳ ಮುಂದೆ ಹೋಗಿತ್ತು. ಆದರೂ ನಿಘಂಟಿನ ಕೆಲಸವೇನೂ ನಿಲ್ಲಲಿಲ್ಲ, 1755ರಲ್ಲಿ ಅದು ಹೊರಬಂತು.

ಈಗ ಬೀಗ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ನೀವು ಮತ್ತೆ ಎಳೆದು ನೋಡುವುದು ಖಾತ್ರಿ ಮಾಡಿಕೊಳ್ಳಲು. ಆದರೆ ನೋಡಿದಷ್ಟೂ ಖಾತ್ರಿ ಕರಗುತ್ತದೆ. ನೆದರ್ಲೆಂಡ್ಸ್‌ನ ಮಾರ್ಸೆಲ್ ವಾನ್ ಡೆನ್ ಹೌಟ್ ಮತ್ತು ಮೆರೆಲ್ ಕಿಂಟ್ 2003ರಲ್ಲಿ ಕಂಪ್ಯೂಟರ್ ಪರದೆಯ ಮೇಲೆ ಒಂದು ಗ್ಯಾಸ್ ಒಲೆ ತೋರಿಸಿ, ಹಚ್ಚಿ, ಆರಿಸಿ, ಆರಿದೆಯೇ ಎಂದು ನೋಡಲು ಹೇಳಿದರು. ಒಂದು ಗುಂಪು ಇದನ್ನೇ 20 ಸಲ ಮಾಡಿತು. ಇನ್ನೊಂದು ಗುಂಪು ನಡುವೆ ದೀಪಗಳನ್ನು ಪರೀಕ್ಷಿಸಿ, ಮೊದಲು ಮತ್ತು ಕೊನೆಗೆ ಮಾತ್ರ ಒಲೆ ನೋಡಿತು. ಕಡೆಯ ಸಲ ಯಾವ ಬರ್ನರ್ ಆರಿಸಿದಿರಿ ಎಂದರೆ ಎರಡೂ ಗುಂಪು ಸರಿಯಾಗಿಯೇ ಹೇಳಿದವು. ನೆನಪು ಕೆಟ್ಟಿರಲಿಲ್ಲ. ಕೆಟ್ಟದ್ದು ನೆನಪಿನ ಮೇಲಿನ ಭರವಸೆ. 20 ಸಲ ನೋಡಿದವರಿಗೆ ನೆನಪು ಮಸುಕಾಗಿತ್ತು, ವಿವರ ಹೋಗಿತ್ತು, ನಿಜಕ್ಕೂ ಆರಿಸಿದೆನೇ ಎಂಬ ಅನುಮಾನ ಬಂದಿತ್ತು. ಮುಂದೆ ನಿಜವಾದ ಒಲೆ ಇಟ್ಟು ಮಾಡಿದಾಗಲೂ ಇದೇ ಫಲ. 2006ರ ಇನ್ನೊಂದು ಅಧ್ಯಯನದಲ್ಲಿ ಹತ್ತು ಸಲ ತಲುಪುವ ಮುಂಚೆಯೇ ಈ ಸವಕಳಿ ಶುರುವಾಗಿತ್ತು.

ಕಾರಣ ಸರಳ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿದಾಗ ಅದು ಯಾಂತ್ರಿಕವಾಗುತ್ತದೆ, ಗಮನ ಕೀಲಿಯ ತಣ್ಪು, ಚಿಲಕದ ಸದ್ದು ಇವನ್ನು ಬಿಟ್ಟು ಬೇರೆಲ್ಲೋ ಹೋಗುತ್ತದೆ. ಇಂದಿನ ಮೂರನೆಯ ಎಳೆತವನ್ನು ನಿನ್ನೆಯ ಎರಡನೆಯದರಿಂದ ಬೇರೆ ಮಾಡಲು ಗುರುತೇ ಉಳಿಯುವುದಿಲ್ಲ. ಆ ಮಸುಕನ್ನು ನೀವು 'ಹಾಕಿಲ್ಲವೇನೋ' ಎಂದು ಓದಿಕೊಳ್ಳುತ್ತೀರಿ, ಮತ್ತೊಮ್ಮೆ ಎಳೆಯುತ್ತೀರಿ, ಮಸುಕು ಇನ್ನಷ್ಟು ದಟ್ಟವಾಗುತ್ತದೆ. ನಿಮ್ಮ ಮರೆವಿನಿಂದ ಎಳೆತ ಬಂದದ್ದಲ್ಲ, ಎಳೆತದಿಂದ ಮರೆವಿನ ಅನುಮಾನ ಬಂದದ್ದು.

ಮಾಡಬೇಕಾದದ್ದು ಇಷ್ಟು. ಬೀಗ ಹಾಕುವಾಗ ಫೋನ್ ಚೀಲದಲ್ಲಿರಲಿ, ಮಾತು ನಿಲ್ಲಲಿ. ಕೀಲಿ ತಿರುಗುವುದನ್ನು ಕಣ್ಣಿಟ್ಟು ನೋಡಿ, ಒಂದೇ ಒಂದು ಸಲ ಎಳೆದು ಹೊರಡಿ. ಅನುಮಾನ ಬರುತ್ತದೆ, ಬಂದೇ ಬರುತ್ತದೆ. ಅದಕ್ಕೆ ಉತ್ತರ ಕೊಡಬೇಡಿ. ಮೊದಲ ದಿನಗಳಲ್ಲಿ ಅದು ಏರಿ ಹಿಂಸೆ ಕೊಡುತ್ತದೆ, ವಾಪಸ್ ಹೋಗದಿದ್ದರೆ ತಾನಾಗಿ ಇಳಿಯುತ್ತದೆ. ಹೀಗೆ ಇಳಿಯುತ್ತದೆ ಎಂಬುದರ ಮೇಲೆಯೇ ಗೀಳಿನ ಚಿಕಿತ್ಸೆ ನಿಂತಿದೆ. ಲಂಡನ್ನಿನ ವಿಕ್ಟರ್ ಮೇಯರ್ 1966ರಲ್ಲಿ ರೋಗಿಗಳನ್ನು ಅವರು ಹೆದರುವ ಸನ್ನಿವೇಶಕ್ಕೆ ಒಡ್ಡಿ, ಗೀಳಿನ ಕ್ರಿಯೆ ಮಾಡದಂತೆ ತಡೆದು ತೋರಿಸಿದ ದಾರಿ ಇಂದಿಗೂ ಬಳಕೆಯಲ್ಲಿದೆ. ಬೀಗದ ಫೋಟೋ ತೆಗೆದುಕೊಳ್ಳುವ ಉಪಾಯ ಹಲವರು ಹೇಳುತ್ತಾರೆ. ನನಗೆ ಅದು ಸರಿಬರುವುದಿಲ್ಲ. ಬಾಗಿಲು ಎಳೆಯುವ ಬದಲು ಫೋಟೋ ತೆರೆದು ನೋಡುವುದು ಶುರುವಾಗುತ್ತದೆ, ಫೋಟೋ ಇಂದಿನದೋ ನಿನ್ನೆಯದೋ ಎಂಬಲ್ಲಿಗೆ ಬಂದು ನಿಲ್ಲುತ್ತದೆ.

ವೈದ್ಯರ ಹತ್ತಿರ ಯಾವಾಗ ಹೋಗಬೇಕು? ಓಸಿಡಿ ಎಂದು ಕರೆಯುವ ಗೀಳು ಕಾಯಿಲೆಗೆ ಸಾಮಾನ್ಯವಾಗಿ ಇಡುವ ಗಡಿ, ಇಂಥ ಯೋಚನೆ ಮತ್ತು ಕ್ರಿಯೆಗಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ತಿನ್ನುವುದು, ಇಲ್ಲವೇ ತೀವ್ರ ಸಂಕಟ ಕೊಡುವುದು, ಕೆಲಸ, ಸಂಸಾರಗಳನ್ನು ಕೆಡಿಸುವುದು. ಯೋಚನೆ ಬಂದದ್ದಕ್ಕೇ ಹೆದರಬೇಡಿ. 13 ದೇಶಗಳ 777 ವಿದ್ಯಾರ್ಥಿಗಳನ್ನು ಕೇಳಿದ ಅಧ್ಯಯನವೊಂದು 2014ರಲ್ಲಿ ಬಂತು. ಹಿಂದಿನ ಮೂರು ತಿಂಗಳಲ್ಲಿ ಬೇಡದ ಯೋಚನೆಯೊಂದು ತಾನಾಗಿ ನುಗ್ಗಿ ಬಂದಿತ್ತು ಎಂದವರು ಶೇ 94ರಷ್ಟು. ಬೀಗ ಹಾಕಿಲ್ಲವೇನೋ ಎಂಬಂಥ ಸಂಶಯ ಅದರಲ್ಲಿ ತೀರ ಸಾಮಾನ್ಯ. ಅರ್ಧ ದಾರಿಯಿಂದ ವಾಪಸ್ ಬರುವುದು ನಿಮಗೆ ಅಪರೂಪವಾಗಿದ್ದರೆ ಮೇಲಿನದ್ದನ್ನು ಒಂದೆರಡು ತಿಂಗಳು ಮಾಡಿ ನೋಡಿ. ವಾರಕ್ಕೆ ಹಲವು ಸಲ ಆಗುತ್ತಿದ್ದರೆ, ಅಥವಾ ಬೀಗದಿಂದ ಗ್ಯಾಸಿಗೆ, ಗ್ಯಾಸಿನಿಂದ ಸ್ವಿಚ್ಚಿಗೆ ಹರಡುತ್ತಿದ್ದರೆ, ಕಾಯದೆ ಮನೋವೈದ್ಯರನ್ನೋ ಕ್ಲಿನಿಕಲ್ ಮನಶ್ಶಾಸ್ತ್ರಜ್ಞರನ್ನೋ ನೋಡಿ. ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ.

ಕೊನೆಗೆ ಮಗಳು. ಓಸಿಡಿಯಲ್ಲಿ ವಂಶವಾಹಿಯ ಪಾತ್ರ ಇದೆ, ಆದರೆ ಗೆರೆ ತಪ್ಪಿಸಿ ನಡೆಯುವುದಕ್ಕೆ ಅಷ್ಟು ದೂರ ಹೋಗಬೇಕಿಲ್ಲ. ಸುಮಾರು 1,500 ಪುಟ್ಟ ಮಕ್ಕಳ ತಂದೆತಾಯಂದಿರನ್ನು ಕೇಳಿದ 1997ರ ಅಧ್ಯಯನದಲ್ಲಿ, 'ಹೀಗೇ ಇರಬೇಕು' ಎಂಬ ಹಟ, ಸಾಲಾಗಿ ಜೋಡಿಸುವುದು, ಒಂದೇ ಕ್ರಮದಲ್ಲಿ ಮಾಡುವುದು ಇವೆಲ್ಲ ಎರಡರಿಂದ ನಾಲ್ಕು ವರ್ಷದೊಳಗೆ ಅತಿ ಹೆಚ್ಚಿದ್ದು, ಆಮೇಲೆ ಇಳಿಮುಖವಾಗಿದ್ದವು. ಅವಳಿಗೆ ಅದು ಆಟವಾಗಿದ್ದರೆ ನೀವೂ ಸೇರಿಕೊಳ್ಳಿ. ಗೆರೆ ಮೆಟ್ಟಿದರೆ ಅಮ್ಮನಿಗೆ ಏನೋ ಆಗುತ್ತದೆ ಎಂದು ಅವಳು ಅತ್ತರೆ, ಹೊರಗೆ ಹೊರಡುವುದೇ ಕಷ್ಟವಾದರೆ, ಆಗ ಮಕ್ಕಳ ತಜ್ಞರಿಗೆ ತೋರಿಸಿ. ಬೀಗ ಹಾಕುವ ಹೊತ್ತಿನಲ್ಲಿ ಮಾತ್ರ ಅವಳನ್ನು 'ಹಾಕಿದೆ ಅಲ್ವಾ ಪುಟ್ಟಿ, ನೀನೂ ನೋಡಿದೆ ತಾನೇ?' ಎಂದು ಕೇಳಬೇಡಿ. ಇದೂ ಇನ್ನೊಮ್ಮೆ ಎಳೆದು ನೋಡಿದಂತೆಯೇ, ಅವಳ ಕೈಯಲ್ಲಿ ಎಳೆಸುತ್ತೀರಿ ಅಷ್ಟೇ.